ಯಂತ್ರ ಯಾರ ಮಾತು ಕೇಳಬೇಕು?

ಕಳೆದ ವರ್ಷ ಮಳೆಗಾಲ ಶುರುವಾಗುವ ಮುಂಚೆ ಮೂವರು ವಿದ್ಯಾರ್ಥಿಗಳು ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮೂವರೂ ಕೊಡಗಿನವರು, ಓದುವುದು ಜಿಲ್ಲೆಯ ಹೊರಗಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅವರು ಆರಿಸಿಕೊಂಡಿದ್ದ ವಿಷಯ ನಮಗೆ ಹೊಸದಾಗಿತ್ತು. ಅಂಗವೈಕಲ್ಯದ ಜೊತೆಗೇ ಮುಪ್ಪಿಗೆ ಕಾಲಿಟ್ಟವರಿಗೆ ಮನೆಯೊಳಗೆ ನೆರವಾಗುವ ಒಂದು ರೋಬೋಟ್. ಕಾಗದದ ಮೇಲೆ ಅದರ ಚಿತ್ರ ಆಗಲೇ ಸಿದ್ಧವಾಗಿತ್ತು. ಸೊಂಟದೆತ್ತರದ ಒಂದು ಕಂಬ, ಕೆಳಗೆ ಮೂರು ಚಕ್ರ, ಮೇಲೆ ಒಂದು ಪರದೆ, ಪರದೆಯಲ್ಲಿ ನಗುವ ಮುಖ. ಅದು ಮಾತ್ರೆಯ ಹೊತ್ತನ್ನು ನೆನಪಿಸುತ್ತದೆ. ಕನ್ನಡ, ಕೊಡವ ತಕ್ಕ್, ಮಲಯಾಳ ಮೂರರಲ್ಲೂ ಮಾತಾಡುತ್ತದೆ. ಮನೆಯಲ್ಲಿರುವವರು ಬಿದ್ದರೆ ಕ್ಯಾಮೆರಾದಿಂದ ಗುರುತಿಸಿ ದೂರದಲ್ಲಿರುವ ಮಕ್ಕಳ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. "ಇಂಥದ್ದು ಬೇಕಾಗಿರುವ ಒಬ್ಬರನ್ನು ಪರಿಚಯ ಮಾಡಿಕೊಡಿ, ಅವರ ಅಭಿಪ್ರಾಯ ಕೇಳಬೇಕು" ಎಂಬುದು ಅವರ ಕೋರಿಕೆಯಾಗಿತ್ತು.

ಮಕ್ಕಳ ಉತ್ಸಾಹ ಕಂಡು ಸಂತೋಷವಾಯಿತು. ಜೊತೆಗೆ ಒಂದು ಅಳುಕೂ ಆಯಿತು. ಹೆತ್ತವರನ್ನು ನೋಡಿಕೊಳ್ಳುವ ಕೆಲಸವನ್ನೂ ನಾವು ಯಂತ್ರಕ್ಕೆ ಒಪ್ಪಿಸಿಬಿಡುವವರೇ? ಈ ಪ್ರಶ್ನೆ ಓದುಗರ ಮನಸ್ಸಿನಲ್ಲೂ ಏಳಬಹುದು. ಆದರೆ ಉತ್ತರ ಅಷ್ಟು ಸುಲಭದ್ದಲ್ಲ ಎಂಬುದು ಆ ಮಕ್ಕಳ ಜೊತೆ ಒಂದು ಮನೆಗೆ ಹೋಗಿ ಬಂದ ಮೇಲೆ ನಮಗೆ ತಿಳಿಯಿತು. ಆ ಅನುಭವವನ್ನೂ, ಅದು ಎಬ್ಬಿಸಿದ ಚಿಂತನೆಯನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮಕ್ಕಳು ದೂರವಾದ ಜಿಲ್ಲೆ

ಕೊಡಗಿನಲ್ಲಿ ಈ ಯೋಚನೆ ಹುಟ್ಟಿದ್ದು ಆಕಸ್ಮಿಕವಲ್ಲ. 2001ರಿಂದ 2011ರ ವರೆಗಿನ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದರೆ, ಕೊಡಗಿನದ್ದು ಬೆಳೆದದ್ದು ಸುಮಾರು ಶೇ. 1 ಮಾತ್ರ. 2011ರ ಜನಗಣತಿಯಂತೆ ಇಡೀ ಜಿಲ್ಲೆಯಲ್ಲಿದ್ದವರು ಸುಮಾರು ಐದೂವರೆ ಲಕ್ಷ ಮಂದಿ. ಇಲ್ಲಿ ಓದಿದ ಮಕ್ಕಳು ಇಲ್ಲಿ ನಿಲ್ಲುವುದು ಕಡಿಮೆ. ಕೆಲವರು ಬೆಂಗಳೂರು, ಮೈಸೂರು ಸೇರುತ್ತಾರೆ. ಕೆಲವರು ಸೈನ್ಯಕ್ಕೆ ಹೋಗುತ್ತಾರೆ. ನಾಪೋಕ್ಲು, ಸಿದ್ದಾಪುರ, ಸುಂಟಿಕೊಪ್ಪದ ಕಡೆಯ ಎಷ್ಟೋ ಮುಸ್ಲಿಮ್ ಮನೆಗಳ ಗಂಡುಮಕ್ಕಳು ಗಲ್ಫ್‌ನಲ್ಲಿದ್ದಾರೆ. ಒಂದು ಕಾಲಕ್ಕೆ ಇಡೀ ಒಕ್ಕವೇ ತುಂಬಿಕೊಂಡಿರುತ್ತಿದ್ದ ಐನ್‌ಮನೆಗಳಲ್ಲಿ ಇಂದು ಇಬ್ಬರು ಮುದುಕರಿದ್ದರೆ ಅದೇ ಹೆಚ್ಚು. ಕೊಡಗಿನಲ್ಲಿ ಒಂದು ಮನೆಗೂ ಮುಂದಿನ ಮನೆಗೂ ನಡುವೆ ತೋಟವಿರುತ್ತದೆ, ಏರು ಇರುತ್ತದೆ, ಕೆಲವೊಮ್ಮೆ ಆನೆಯ ಭಯವೂ ಇರುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ನೆರೆಮನೆ ಇರುವುದಿಲ್ಲ.

ಮುದುಕರ ಕಷ್ಟದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಒಂದು ವ್ಯತ್ಯಾಸವನ್ನು ಮರೆಯುತ್ತೇವೆ. ವಯಸ್ಸಾದ ಮೇಲೆ ಕೈಕಾಲು ಸೋಲುವವರು ಒಂದು ಬಗೆ. ಎಳವೆಯಿಂದಲೇ ಅಂಗವೈಕಲ್ಯವನ್ನು ಹೊತ್ತು ಬಾಳಿ, ಅದರ ಮೇಲೆ ಮುಪ್ಪನ್ನೂ ಹೊರಬೇಕಾದವರು ಇನ್ನೊಂದು ಬಗೆ. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಪತ್ತೆಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಅದು ಹೆಮ್ಮೆಯ ವಿಷಯ. ಆದರೆ ರೋಗ ಹೋದರೂ ರೋಗಕ್ಕೆ ಸಿಕ್ಕಿದವರು ನಮ್ಮ ನಡುವೆಯೇ ಇದ್ದಾರೆ. 1950, 60, 70ರ ದಶಕಗಳಲ್ಲಿ ಪೋಲಿಯೋ ತಗಲಿದ ಮಕ್ಕಳು ಇಂದು ಅಜ್ಜ, ಅಜ್ಜಿಯರಾಗಿದ್ದಾರೆ. ಅವರಲ್ಲಿ ಹಲವರಿಗೆ ದಶಕಗಳ ಬಳಿಕ ಹೊಸದಾಗಿ ಸ್ನಾಯುಗಳ ನಿಶ್ಶಕ್ತಿ, ನೋವು, ವಿಪರೀತ ಆಯಾಸ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಪೋಸ್ಟ್ ಪೋಲಿಯೋ ಸಿಂಡ್ರೋಮ್ ಎನ್ನುತ್ತಾರೆ. ಕಾಲಿನ ಕೆಲಸವನ್ನೂ ಕೈಯಿಂದಲೇ ಮಾಡುತ್ತ ಬಂದವರ ಭುಜ, ಮಣಿಕಟ್ಟುಗಳು ಬೇರೆಯವರಿಗಿಂತ ಬೇಗ ಸವೆಯುತ್ತವೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ತೋಟದ ಕಾರ್ಮಿಕರು, ಹುಟ್ಟಿನಿಂದ ಕಣ್ಣು ಕಾಣದವರು ಇವರೆಲ್ಲರೂ ಈ ಸಾಲಿಗೇ ಸೇರುತ್ತಾರೆ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕಿಂತ ಹೆಚ್ಚು ಅಂಗವಿಕಲರನ್ನು ಲೆಕ್ಕ ಹಾಕಿತ್ತು. ಅವರೂ ಎಲ್ಲರಂತೆ ಮುದುಕರಾಗುತ್ತಾರೆ.

ಆ ಮನೆಯಲ್ಲಿ

ನಾವು ಮಕ್ಕಳನ್ನು ಕರೆದುಕೊಂಡು ಹೋದದ್ದು ಅಂಥವರೊಬ್ಬರ ಮನೆಗೆ. ಅವರ ಹೆಸರು ಇಲ್ಲಿ ಬೇಡ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲುಗಳ ಬಲ ಹೋಯಿತು. ಕಂಕುಳಿಗೆ ಕೊಡುವ ಎರಡು ಊರುಗೋಲುಗಳ ಮೇಲೆ ನಡೆಯುತ್ತಲೇ ಪೇಟೆಯಲ್ಲಿ ವಾಚು ರಿಪೇರಿಯ ಅಂಗಡಿ ಇಟ್ಟರು, ಮದುವೆಯಾದರು, ಇಬ್ಬರು ಮಕ್ಕಳನ್ನು ಓದಿಸಿದರು. ಈಗ ವಯಸ್ಸು ಅರವತ್ತೇಳು. ಮಡದಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಗಂಡನ ಮನೆಯಲ್ಲಿ, ಮಗ ದುಬೈಯಲ್ಲಿ. ಬೆಳಿಗ್ಗೆ ಹತ್ತಿರದ ಲೈನ್‌ಮನೆಯ ಹೆಂಗಸೊಬ್ಬರು ಬಂದು ಅಡುಗೆ ಮಾಡಿ, ಗುಡಿಸಿ, ತೋಟದ ಕೆಲಸಕ್ಕೆ ಹೋಗುತ್ತಾರೆ. ಉಳಿದ ಹೊತ್ತು ಅವರೊಬ್ಬರೇ. ಒಂದೆರಡು ವರ್ಷದಿಂದ ಭುಜದ ನೋವು ಜಾಸ್ತಿಯಾಗಿ ಅಂಗಡಿಯನ್ನೂ ಮುಚ್ಚಿದ್ದಾರೆ.

ಮಕ್ಕಳು ಚಿತ್ರ ಬಿಡಿಸಿ ತೋರಿಸಿದರು. ಅವರು ಕನ್ನಡಕ ಏರಿಸಿ, ವಾಚಿನ ಒಳಭಾಗವನ್ನು ನೋಡುವ ಗಮನದಿಂದಲೇ ಅದನ್ನು ನೋಡಿದರು.

"ಕಾಕ, ನೀವು ಬಿದ್ದರೆ ಇದು ಕೂಡಲೇ ನಿಮ್ಮ ಮಗನಿಗೆ ತಿಳಿಸ್ತದೆ" ಎಂದ ಒಬ್ಬ ಹುಡುಗ.

"ನಾನು ತಿಂಗಳಿಗೆ ಎರಡು ಸಲ ಬೀಳ್ತೇನೆ ಮಗಾ. ಚಿಕ್ಕಂದಿನಿಂದ ಬಿದ್ದು ಬಿದ್ದೇ ದೊಡ್ಡವನಾದದ್ದು. ಎದ್ದೇಳ್ಲಿಕ್ಕೆ ನನಗೆ ಗೊತ್ತುಂಟು. ಪ್ರತಿ ಸಲ ಅವನು ಅಲ್ಲಿ ಕೂತು ಹೆದರಬೇಕಾ?"

"ಹಾಗಲ್ಲ ಕಾಕ, ಸುರಕ್ಷತೆಗೆ..."

"ಸರಿ. ಈಗ ತಿಳಿಸಬೇಡ ಅಂತ ನಾನು ಹೇಳಿದ್ರೆ ಇದು ಸುಮ್ಮನಿರ್ತದಾ?"

ಮಕ್ಕಳು ಮುಖ ಮುಖ ನೋಡಿಕೊಂಡರು. ಯಂತ್ರಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವ ವ್ಯವಸ್ಥೆಯೆಲ್ಲ ಇದ್ದದ್ದು ಮಗನ ಮೊಬೈಲಿನಲ್ಲಿ. ತಂದೆಯ ಕೈಯಲ್ಲಿ ಏನೂ ಇರಲಿಲ್ಲ. ಅವರು ಕೇಡು ಬಗೆದು ಹಾಗೆ ಮಾಡಿದ್ದಲ್ಲ. ತಂದೆಗೂ ಅದು ಬೇಕಾಗಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.

ಆಗ ಆ ಹುಡುಗಿ ಚಿತ್ರವನ್ನು ಮಡಚಿಟ್ಟು ಕೇಳಿದಳು: "ನಿಮಗೆ ಏನು ಬೇಕು, ಕಾಕ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: "ನನ್ನ ಎರಡು ಕೈಯೂ ಕೋಲಿಗೇ ಹೋಯ್ತು. ಮಳೆಯಲ್ಲಿ ಕೊಡೆ ಹಿಡಿಲಿಕ್ಕೆ ಆಗುದಿಲ್ಲ. ಅದು ಬಿಡಿ, ಒದ್ದೆಯಾಗಿ ಅಭ್ಯಾಸ ಆಗಿದೆ. ಕಾಫಿ ನಾನೇ ಮಾಡ್ತೇನೆ. ಆದ್ರೆ ಅಡುಗೆಮನೆಯಿಂದ ಜಗಲಿಗೆ ತರಲಿಕ್ಕೆ ಆಗುದಿಲ್ಲ. ಅವಳಿದ್ದಾಗ ತರ್ತಿದ್ಳು. ಈಗ ಯಾರಾದ್ರೂ ಬಂದ್ರೆ ಅವರೇ ಒಳಗೆ ಬಂದು ತಕ್ಕೊಂಡು ಹೋಗ್ಬೇಕು. ಮನೆಗೆ ಬಂದವರಿಗೆ ಒಂದು ಲೋಟ ಕಾಫಿ ನಾನೇ ತಂದು ಕೊಡ್ಬೇಕು. ಅಂಥದ್ದೇನಾದ್ರೂ ಮಾಡ್ಲಿಕ್ಕೆ ಆಗ್ತದಾ ನೋಡಿ."

ಅಂದು ನಾವು ಕುಡಿದ ಬೆಲ್ಲದ ಕಾಫಿಯನ್ನು ಅಡುಗೆಮನೆಯಿಂದ ತಂದವರು ನಾವೇ.

ರೋಬೋಟ್ ಎಂಬ ಆಳು

ಹೆತ್ತವರ ಸೇವೆಗೆ ಯಂತ್ರವೇ ಎಂಬ ಅಳುಕಿಗೆ ಮರಳೋಣ. ಯಂತ್ರಕ್ಕೆ ಪ್ರೀತಿಯಿಲ್ಲ, ಸೇವೆ ಮನುಷ್ಯನೇ ಮಾಡಬೇಕು ಎನ್ನುತ್ತೇವೆ. ಮಾತು ಚೆನ್ನಾಗಿದೆ. ಆದರೆ ಆ 'ಮನುಷ್ಯ' ಯಾರು? ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಮಾವನ ಬಟ್ಟೆ ಬದಲಿಸುವವಳು ಸೊಸೆ. ಅತ್ತೆಯನ್ನು ಎತ್ತಿ ಕೂರಿಸಿ ಕೂರಿಸಿ ಸೊಂಟ ಕಳೆದುಕೊಳ್ಳುವವಳೂ ಅವಳೇ. ಮದುವೆಯನ್ನೇ ಬಿಟ್ಟು ತಾಯಿಯ ಬಳಿ ಉಳಿದ ಮಗಳಿದ್ದಾಳೆ. ಅವರಿಲ್ಲದಿದ್ದರೆ ಕಡಿಮೆ ಸಂಬಳಕ್ಕೆ ಬರುವ ಹೋಮ್ ನರ್ಸ್, ಲೈನ್‌ಮನೆಯ ಹೆಂಗಸು. ಸೇವೆಯ ಪುಣ್ಯವನ್ನು ಭಾಷಣದಲ್ಲಿ ಹೊಗಳುವ ಗಂಡಸರಲ್ಲಿ ಮಲದ ಪಾತ್ರೆ ತೊಳೆದವರು ಎಷ್ಟು ಮಂದಿ? ಯಂತ್ರವನ್ನು ವಿರೋಧಿಸುವ ಮುಂಚೆ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು.

'ರೋಬೋಟ್' ಎಂಬ ಪದದ ಹುಟ್ಟೂ ಇಲ್ಲಿ ನೆನಪಿಸಿಕೊಳ್ಳುವಂಥದ್ದು. ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಹರಡಿತು. ಜೆಕ್ ಭಾಷೆಯಲ್ಲಿ 'ರೊಬೊತ' ಎಂದರೆ ಜಮೀನ್ದಾರನಿಗೆ ಮಾಡಲೇಬೇಕಾದ ಬಿಟ್ಟಿ ಚಾಕರಿ. ಎರವರು ತಲೆಮಾರುಗಳ ಕಾಲ ಜೀತದಲ್ಲಿ ದುಡಿದ ಕೊಡಗಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಜೀತಪದ್ಧತಿಯನ್ನು ರದ್ದು ಮಾಡುವ ಕಾನೂನು 1976ರಲ್ಲಿ ಬಂತು. ಆದರೂ ಎದುರು ಮಾತಾಡದ, ಸಂಬಳ ಕೇಳದ, ದಣಿಯದ ಒಬ್ಬ ಆಳು ಸಿಗಲಿ ಎಂಬ ಆಸೆ ಮನುಷ್ಯನಿಂದ ಹೋಗಿಲ್ಲ. ಮನುಷ್ಯನನ್ನು ಹಾಗೆ ಆಳಾಗಿಸುವುದಕ್ಕಿಂತ ಯಂತ್ರವನ್ನು ಆಳಾಗಿಸುವುದು ಎಷ್ಟೋ ವಾಸಿ.

ಈ ಯೋಚನೆ ಹೊಸದೂ ಅಲ್ಲ. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರಸರ ಬಳಿ ಕೆಲಸ ಮಾಡುತ್ತಿದ್ದ ಅಲ್ ಜಝರಿ ಎಂಬ ಯಂತ್ರಕುಶಲಿ 1206ರಲ್ಲಿ ತನ್ನ ಯಂತ್ರಗಳ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ ವುಝೂ ಮಾಡಲು ನೀರು ಹೊಯ್ಯುವ ಯಂತ್ರಗಳ ವಿವರವಿದೆ. ಸೇವಕರೋ ದಾಸಿಯರೋ ತನ್ನ ಕೈಗೆ ನೀರು ಹೊಯ್ಯುವುದು ಅರಸನಿಗೆ ಇಷ್ಟವಿರಲಿಲ್ಲವಂತೆ. ಆದ್ದರಿಂದ ಇಂಥದ್ದೊಂದನ್ನು ಮಾಡಿಕೊಡೆಂದು ಕೇಳಿದನಂತೆ. ಎಂಟು ನೂರು ವರ್ಷಗಳ ಹಿಂದೆ, ಕೈಗೊಬ್ಬ ಆಳಿದ್ದ ಅರಸನಿಗೇ ಇನ್ನೊಬ್ಬರ ಕೈಯಿಂದ ನೀರು ಹೊಯ್ಯಿಸಿಕೊಳ್ಳುವುದು ಬೇಡವೆನಿಸಿತು. ಹಾಗಿರುವಾಗ ಶೌಚಕ್ಕೂ ಸ್ನಾನಕ್ಕೂ ಇನ್ನೊಬ್ಬರ ದಾರಿ ಕಾಯಬೇಕಾದ ಮುದುಕಿಗೆ ಹಾಗನಿಸಬಾರದೇ? ಎಲ್ಲ ಸೇವೆಯನ್ನೂ ಮನುಷ್ಯನ ಕೈಯಿಂದಲೇ ಪಡೆಯಬೇಕೆಂದು ಅವಳಿಗೆ ವಿಧಿಸಲು ನಾವು ಯಾರು?

ಕೈಯೋ ಕಣ್ಣೋ

ಹಾಗಾದರೆ ಯಂತ್ರ ಒಳ್ಳೆಯದೆಂದೇ ಅರ್ಥವೇ? ಅದು ಯಾರ ಯಂತ್ರ ಎಂಬುದರ ಮೇಲೆ ಉತ್ತರ ನಿಂತಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಹೆನ್ರಿ ಇವಾನ್ಸ್ ಎಂಬವರಿಗೆ 2002ರಲ್ಲಿ, ನಲ್ವತ್ತರ ಪ್ರಾಯದಲ್ಲಿ, ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಕೈಕಾಲು ಸ್ತಬ್ಧವಾದವು. ತಲೆಯ ಚಲನೆ ಮತ್ತು ಒಂದು ಬೆರಳಿನ ಅಲ್ಪ ಚಲನೆ ಮಾತ್ರ ಉಳಿಯಿತು. ಟಿ.ವಿ.ಯಲ್ಲಿ ರೋಬೋಟ್ ಒಂದನ್ನು ನೋಡಿ ಅವರೇ ಅದರ ಸಂಶೋಧಕರನ್ನು ಸಂಪರ್ಕಿಸಿದರು. 2011ರ ಹೊತ್ತಿಗೆ, ತಲೆಯಾಡಿಸಿ ಕಂಪ್ಯೂಟರ್ ನಡೆಸುತ್ತ, ಪಿಆರ್-2 ಎಂಬ ದೊಡ್ಡ ರೋಬೋಟಿನ ತೋಳಿನಿಂದ ತನ್ನ ಮುಖದ ತುರಿಕೆಯನ್ನು ತಾನೇ ಕೆರೆದುಕೊಂಡರು, ಗಡ್ಡವನ್ನೂ ಹೆರೆದುಕೊಂಡರು. ಮುಖ ತುರಿಸಿದಾಗ ಕೆರೆದುಕೊಳ್ಳಲಾಗದೆ ವರ್ಷಗಟ್ಟಲೆ ಮಲಗಿರುವುದೆಂದರೇನು? ನಮಗೆ ಅದರ ಕಲ್ಪನೆಯೂ ಇಲ್ಲ. ಅವರ ಮಡದಿ ಕೆರೆಯಲಾರರು ಎಂದಲ್ಲ. ಪ್ರತಿ ತುರಿಕೆಗೂ ಮಡದಿಯನ್ನು ಕರೆಯುವುದು ಅವರಿಗೆ ಬೇಡವಾಗಿತ್ತು. ಅಲ್ಲಿ ಯಂತ್ರ ಅವರ ಕೈಯಾಯಿತು. ಅವರು ಹೇಳಿದಾಗ ಅಲುಗಿತು, ನಿಲ್ಲೆಂದಾಗ ನಿಂತಿತು.

ನಮ್ಮ ವಿದ್ಯಾರ್ಥಿಗಳ ಮೊದಲ ಚಿತ್ರದಲ್ಲಿದ್ದದ್ದು ಕೈಯಲ್ಲ, ಕಣ್ಣು. ಅದು ತಂದೆಯನ್ನು ಮಗನಿಗೆ ತೋರಿಸುತ್ತದೆ. ಮಗ ಏನು ಮಾಡುತ್ತಿದ್ದಾನೆಂದು ತಂದೆಗೆ ತೋರಿಸುವುದಿಲ್ಲ. ಉಪ್ಪಿನಕಾಯಿ ತಿಂದದ್ದು, ಮಾತ್ರೆ ತಪ್ಪಿಸಿದ್ದು, ರಾತ್ರಿ ನಿದ್ದೆ ಬಾರದೆ ಎದ್ದು ಕೂತದ್ದು ಎಲ್ಲವೂ ಸಾವಿರಾರು ಮೈಲಿಯಾಚೆ ದಾಖಲಾಗುತ್ತದೆ. ಮಗ ಫೋನ್ ಮಾಡಿ ಗದರುತ್ತಾನೆ. ಒಂದು ಕಾಲಕ್ಕೆ ಮನೆಯ ಯಜಮಾನನಾಗಿದ್ದವನು ತನ್ನದೇ ಮನೆಯಲ್ಲಿ ಕಾವಲಿನಲ್ಲಿರುವವನಾಗುತ್ತಾನೆ. ಇದನ್ನು ಆರೈಕೆ ಎಂದು ಕರೆಯಬಹುದು. ಆದರೆ ಆರೈಕೆಯ ಹೆಸರಿನಲ್ಲಿ ಒಬ್ಬನ ಮರ್ಯಾದೆ ಕಳೆಯುವ ಹಕ್ಕು ಮಕ್ಕಳಿಗೂ ಇಲ್ಲ.

ಇದಕ್ಕೆ ಆಕ್ಷೇಪವಿದೆ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಮಗನ ಭಯವೂ ಪ್ರೀತಿಯೇ ತಾನೆ? ಒಂದು ದಿನ ತಂದೆ ಬಿದ್ದು ಏಳಲಾಗದೆ ಎರಡು ದಿನ ನೆಲದಲ್ಲೇ ಇದ್ದರೆ? ಮರೆವಿನ ಕಾಯಿಲೆ ಹತ್ತಿ, ಗ್ಯಾಸ್ ಒಲೆ ಉರಿಸಿ ಮರೆತುಬಿಡುವ ತಾಯಿಯಾದರೆ? ಅವಳು 'ಬೇಡ' ಎಂದಳೆಂದು ಸುಮ್ಮನಿರಲಾಗುವುದೇ? ಖಂಡಿತ ಇಲ್ಲ. ಆದರೆ ಅದಕ್ಕೂ ದಾರಿಯಿದೆ. ಬುದ್ಧಿ ಸ್ವಾಧೀನದಲ್ಲಿರುವಾಗಲೇ ಅವರ ಜೊತೆ ಕೂತು ಕೇಳಬಹುದು: ಯಾವಾಗ ಯಾರಿಗೆ ತಿಳಿಸಬೇಕು, ಯಾವ ಕೋಣೆಗೆ ಕ್ಯಾಮೆರಾ ಬೇಡ, ಎಷ್ಟು ಹೊತ್ತು ಉತ್ತರ ಕೊಡದಿದ್ದರೆ ನೆರೆಯವರನ್ನು ಕರೆಯಬೇಕು? ಬಿದ್ದ ಕೂಡಲೇ ದುಬೈಗೆ ಚಿತ್ರ ಕಳುಹಿಸುವ ಬದಲು, ಯಂತ್ರ ಮೊದಲು ಬಿದ್ದವರನ್ನೇ "ಯಾರನ್ನಾದರೂ ಕರೆಯಲೇ?" ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಮಾತ್ರ ಮುಂದುವರಿಯಬಹುದು. ಇಂಜಿನಿಯರಿಂಗ್‌ನ ದೃಷ್ಟಿಯಿಂದ ಇದು ದೊಡ್ಡ ವ್ಯತ್ಯಾಸವಲ್ಲ. ಮನುಷ್ಯನನ್ನು ಕಾಣುವ ದೃಷ್ಟಿಯಿಂದ ಬಹಳ ದೊಡ್ಡದು.

ಭಾರ ಯಾರದ್ದು?

ಯಂತ್ರ ಬಂದರೆ ಭಾರ ಇಳಿಯುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಜಪಾನ್ ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ಹೋದ ದೇಶ. ಸೀಲ್ ಮರಿಯ ರೂಪದ 'ಪಾರೋ' ಎಂಬ ರೋಬೋಟ್ ಅಲ್ಲಿ 2005ರಲ್ಲೇ ಮಾರಾಟಕ್ಕೆ ಬಂತು. ಮುದುಕರು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟು ನೇವರಿಸುತ್ತಾರೆ. ಜೇಮ್ಸ್ ರೈಟ್ ಎಂಬ ಮಾನವಶಾಸ್ತ್ರಜ್ಞ ಜಪಾನಿನ ಒಂದು ವೃದ್ಧಾಶ್ರಮದಲ್ಲಿ ತಿಂಗಳುಗಟ್ಟಲೆ ಇದ್ದು, ಪಾರೋ, ಜನರನ್ನು ಎತ್ತುವ ಯಂತ್ರ, ವ್ಯಾಯಾಮ ಹೇಳಿಕೊಡುವ ರೋಬೋಟ್ ಈ ಮೂರರ ಬಳಕೆಯನ್ನೂ ಗಮನಿಸಿ 2023ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಪ್ರಚಾರಕ್ಕೆ ವಿರುದ್ಧವಾಗಿತ್ತು. ಎತ್ತುವ ಯಂತ್ರವನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವುದೇ ಸಿಬ್ಬಂದಿಗೆ ಒಂದು ಕೆಲಸವಾಯಿತು. ವ್ಯಾಯಾಮದ ರೋಬೋಟಿನ ಪಕ್ಕ ಒಬ್ಬರು ನಿಂತು ತಾವೂ ಕೈಯೆತ್ತಿ ತೋರಿಸಬೇಕಾಯಿತು. ಯಂತ್ರಗಳನ್ನು ನೋಡಿಕೊಳ್ಳಲು ಮನುಷ್ಯರು ಬೇಕಾದರು.

ನಮ್ಮಲ್ಲಾದರೆ ಇನ್ನಷ್ಟು ತೊಡಕುಗಳಿವೆ. ಕೊಡಗಿನ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಬರಲು ದಿನಗಳು ಬೇಕು. ಮೊಬೈಲಿನ ಸಿಗ್ನಲ್ ಅದರ ಹಿಂದೆಯೇ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ರಸ್ತೆಯೇ ಇಲ್ಲದಾದ ಊರುಗಳಿದ್ದವು. ಅಂಥ ಹೊತ್ತಿನಲ್ಲಿ ಮುದುಕರನ್ನು ಹೊತ್ತು ತಂದದ್ದು ನೆರೆಹೊರೆಯವರು, ಸೈನಿಕರು, ಸ್ವಯಂಸೇವಕರು. ಹಳೆಯ ಮನೆಗಳ ಎತ್ತರದ ಹೊಸ್ತಿಲನ್ನು ಚಕ್ರದ ಯಂತ್ರ ದಾಟಲಾರದು. ಲೈನ್‌ಮನೆಯ ಒಂದೂವರೆ ಕೋಣೆಯಲ್ಲಿ ಅದಕ್ಕೆ ತಿರುಗಲು ಜಾಗವಿಲ್ಲ. ಬೆಲೆಯ ಮಾತು ಬೇರೆ. ಹೆನ್ರಿ ಇವಾನ್ಸ್ ಬಳಸಿದ ಆ ರೋಬೋಟಿನ ಬೆಲೆ ಅಂದು ಸುಮಾರು ನಾಲ್ಕು ಲಕ್ಷ ಡಾಲರ್. ತೋಟದ ಮಾಲಿಕನ ಮನೆಗೆ ಮುಂದೊಂದು ದಿನ ರೋಬೋಟ್ ಬಂದೀತು. ಅದೇ ತೋಟದಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ? ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಸಾಧನ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿತು. ಗಾಲಿಕುರ್ಚಿ ಸಿಕ್ಕರೂ ಅದನ್ನು ಹೊರಗೆ ಉರುಳಿಸಲು ಸಮನಾದ ದಾರಿಯಿಲ್ಲದ ಮನೆಗಳೇ ಇಲ್ಲಿ ಹೆಚ್ಚು.

ಇದನ್ನೆಲ್ಲ ಹೇಳುವುದು ವಿದ್ಯಾರ್ಥಿಗಳ ಉತ್ಸಾಹಕ್ಕೆ ತಣ್ಣೀರೆರಚಲು ಅಲ್ಲ. ನಮ್ಮ ನೆಲದ ಬದುಕನ್ನು ನೋಡಿ ಮಾಡಿದ ಸಾಧನಗಳು ಜಗತ್ತಿಗೇ ದಾರಿ ತೋರಿಸಿದ್ದುಂಟು. ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಹಾಕಲೇಬೇಕಾಗಿತ್ತು. ಅದನ್ನು ಧರಿಸಿ ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಕೆಸರುಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ, ವೈದ್ಯ ಪಿ.ಕೆ. ಸೇಠಿಯವರ ಜೊತೆ ಸೇರಿ ರಬ್ಬರಿನ 'ಜೈಪುರ ಪಾದ'ವನ್ನು ರೂಪಿಸಿದರು. ಬರಿಗಾಲಲ್ಲಿ ನಡೆಯುವ, ನೆಲದಲ್ಲಿ ಕೂತು ಉಣ್ಣುವ, ಚಪ್ಪಲಿ ಕಳಚಿ ಮಂದಿರ, ಮಸೀದಿಗೆ ಹೋಗುವ ಜನರ ಪಾದ ಅದು. ಹೆಚ್ಚು ಓದಿರದ ಆ ಕುಶಲಕರ್ಮಿ ಮನುಷ್ಯ ಹೇಗೆ ಬದುಕುತ್ತಾನೆಂದು ನೋಡಿದ್ದರು.

ಇನ್ನೊಂದು ಉದಾಹರಣೆ ನಮ್ಮ ಗಡಿಯಾಚೆಯೇ ಇದೆ. 2015ರ ನವೆಂಬರ್‌ನಲ್ಲಿ ಕೋಝಿಕ್ಕೋಡಿನ ಮ್ಯಾನ್‌ಹೋಲಿನೊಳಗೆ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಅವರನ್ನು ಉಳಿಸಲು ಇಳಿದ ರಿಕ್ಷಾ ಚಾಲಕ ನೌಶಾದ್ ಕೂಡಾ ಪ್ರಾಣ ಬಿಟ್ಟರು. ಕುಟ್ಟಿಪ್ಪುರಂನ ಎಂ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದ ಯುವಕರು ಆ ಸಾವಿನಿಂದ ಕಲಕಿಹೋಗಿ, ಮ್ಯಾನ್‌ಹೋಲ್ ಸ್ವಚ್ಛಗೊಳಿಸುವ 'ಬ್ಯಾಂಡಿಕೂಟ್' ಎಂಬ ರೋಬೋಟನ್ನು ತಯಾರಿಸಿದರು. 2018ರಲ್ಲಿ ಅದು ತಿರುವನಂತಪುರದಲ್ಲಿ ಕೆಲಸಕ್ಕಿಳಿಯಿತು. ಯಾವ ಕೆಲಸವನ್ನು ಮನುಷ್ಯ ಮಾಡಲೇಬಾರದೋ ಅದನ್ನು ಯಂತ್ರಕ್ಕೆ ಕೊಟ್ಟರು. ನಮ್ಮ ರಾಜ್ಯದಲ್ಲೂ ಇಂಥ ಯೋಚನೆಗಳಿಗೆ ಆಸರೆಯಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1970ರ ದಶಕದಿಂದಲೂ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ನೆರವು ನೀಡುತ್ತ ಬಂದಿದೆ. ಕೊಡಗಿನಲ್ಲೇ ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊರತೆಯಿರುವುದು ಬುದ್ಧಿವಂತಿಕೆಯದ್ದಲ್ಲ. ಯಾರಿಗಾಗಿ ಮಾಡುತ್ತೇವೋ ಅವರ ಮನೆಯ ಹೊಸ್ತಿಲು ದಾಟಿ ಕೇಳುವ ಅಭ್ಯಾಸದ್ದು.

ಪಡೆಯುವುದಷ್ಟೇ ಬಾಳಲ್ಲ

ಆ ವಾಚು ರಿಪೇರಿಯವರ ಮಾತಿನಲ್ಲಿ ನಮಗೆ ಹೆಚ್ಚು ನಾಟಿದ್ದು ಇನ್ನೊಂದು ಸಂಗತಿ. ನಾವೆಲ್ಲ ಅವರಿಗೆ ಏನು ಕೊಡಬಹುದೆಂದು ಯೋಚಿಸುತ್ತಿದ್ದೆವು. ಅವರು ಬೇರೆಯವರಿಗೆ ಕೊಡಲು ದಾರಿ ಹುಡುಕುತ್ತಿದ್ದರು. ಅಂಗವಿಕಲರನ್ನೂ ಮುದುಕರನ್ನೂ ನಮ್ಮ ಸಮಾಜ ಪಡೆಯುವವರ ಸಾಲಿನಲ್ಲಿ ಕೂರಿಸಿಬಿಟ್ಟಿದೆ. ಅವರಿಗೆ ಪಿಂಚಣಿ, ಅವರಿಗೆ ಮಾತ್ರೆ, ಅವರಿಗೆ ಅನುಕಂಪ. ಆದರೆ ಮನುಷ್ಯನಿಗೆ ತಾನು ಬೇಕಾದವನು ಎನಿಸುವುದು ಪಡೆಯುವಾಗಲ್ಲ, ಕೊಡುವಾಗ. ಮನೆಗೆ ಬಂದವನಿಗೆ ಒಂದು ಲೋಟ ಕಾಫಿ, ಮೊಮ್ಮಗುವಿಗೆ ಒಂದು ಬಾಳೆಹಣ್ಣು, ನೆರೆಯವನಿಗೆ ಒಂದು ಬುದ್ಧಿಮಾತು ಕೊಡಲಾಗದವನು ಹೊಟ್ಟೆ ತುಂಬಿದ್ದರೂ ಬಡವನೇ.

ಆದ್ದರಿಂದ ಸಹಾಯಕ ಯಂತ್ರವನ್ನು ಅಳೆಯಲು ನಮ್ಮದೊಂದು ಅಳತೆಗೋಲನ್ನು ಮುಂದಿಡುತ್ತೇವೆ. ಅದು ಆ ವ್ಯಕ್ತಿಯ ಮಾತು ಕೇಳುತ್ತದೆಯೇ? 'ಬೇಡ' ಎಂದರೆ ನಿಲ್ಲುತ್ತದೆಯೇ? ಅದರಿಂದ ಅವರು ಬೇರೆಯವರಿಗಾಗಿ ಏನಾದರೂ ಮಾಡಲು ಶಕ್ತರಾಗುತ್ತಾರೆಯೇ? ಹೌದಾದರೆ ಅದು ಮರದ ಕೋಲಾಗಿರಲಿ, ಲಕ್ಷ ರೂಪಾಯಿಯ ರೋಬೋಟ್ ಆಗಿರಲಿ, ಅದಕ್ಕೆ ಮನೆಯೊಳಗೆ ಸ್ವಾಗತವಿದೆ.

ಯಂತ್ರಕ್ಕೆ ಒಪ್ಪಿಸಬಾರದ್ದೂ ಇದೆ. ಮೊಮ್ಮಗನ ಪರೀಕ್ಷೆಯ ಫಲಿತಾಂಶ ಕೇಳಿ ಹಿಗ್ಗುವುದು, ಸತ್ತ ಮಡದಿಯ ಬಗ್ಗೆ ಹತ್ತನೇ ಸಲ ಹೇಳಿದ ಕತೆಯನ್ನು ಹತ್ತನೇ ಸಲವೂ ಕೇಳುವುದು, ಹಳೆಯ ತಪ್ಪಿಗೆ ಕ್ಷಮೆ ಬೇಡುವುದು ಪರದೆಯ ಮೇಲಿನ ನಗುವ ಮುಖಕ್ಕೆ ಸಾಧ್ಯವಿಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕುರಿತಾದ 2007ರ ಕಾನೂನು ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಆದರೆ ಮಗನನ್ನು ತಂದು ತಾಯಿಯ ಹಾಸಿಗೆಯ ಬಳಿ ಅರ್ಧ ಗಂಟೆ ಕೂರಿಸುವ ಶಕ್ತಿ ಯಾವ ಕಾನೂನಿಗೂ ಇಲ್ಲ. ರೋಬೋಟ್ ಕಳುಹಿಸಿದ್ದೇನೆ, ಇನ್ನು ನಾನು ಹೋಗಬೇಕಿಲ್ಲ ಎಂದು ಒಬ್ಬ ಮಗ ಭಾವಿಸಿದರೆ ಅದು ಯಂತ್ರದ ತಪ್ಪಲ್ಲ. ಹಿಂದೆ ಮನಿಆರ್ಡರ್ ಕಳುಹಿಸಿ ಹಾಗೆ ಭಾವಿಸಿದವರೂ ಇದ್ದರು.

ಮಕ್ಕಳೆಲ್ಲರೂ ಊರಿಗೆ ಮರಳಿ ಬರಬೇಕೆಂದು ಹೇಳುವುದೂ ಸರಿಯಲ್ಲ. ಹೊಟ್ಟೆಪಾಡಿಗೆ ಹೋದವರು ಅವರು. ಹಾಗಿದ್ದರೆ ಊರು ಏನು ಮಾಡಬಹುದು? ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದ ಸಾಂತ್ವನ ಚಿಕಿತ್ಸೆಯ ಆಂದೋಲನ, ಮುಂದೆ ಮಲಪ್ಪುರಂ ಮೊದಲಾದ ಕಡೆ ಊರವರದ್ದೇ ಜಾಲವಾಗಿ ಬೆಳೆ��ಿತು. ತರಬೇತಿ ಪಡೆದ ಸಾಮಾನ್ಯ ಜನರು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ, ಕೂರುತ್ತಾರೆ, ಗಾಯ ತೊಳೆಯುತ್ತಾರೆ. 2008ರಲ್ಲಿ ಅಲ್ಲಿನ ಸರಕಾರ ಅದಕ್ಕಾಗಿಯೇ ಒಂದು ನೀತಿಯನ್ನೂ ರೂಪಿಸಿತು. ನಮ್ಮ ಮಹಲ್ಲ್‌ಗಳು, ಕೊಡವ ಸಮಾಜಗಳು, ಚರ್ಚುಗಳು, ಯುವಕ ಸಂಘಗಳು ಜಾತಿ ಧರ್ಮ ನೋಡದೆ ವಾರಕ್ಕೊಂದು ಮನೆಯ ಹೊಣೆ ಹೊತ್ತರೆ ಕೊಡಗಿನಲ್ಲೂ ಅದು ಅಸಾಧ್ಯವಲ್ಲ.

ಕೊನೆಗೆ ಆ ವಿದ್ಯಾರ್ಥಿಗಳ ಸುದ್ದಿ. ಅವರು ತಮ್ಮ ಮೊದಲ ಚಿತ್ರವನ್ನು ಬಿಟ್ಟರು. ಬದಲಿಗೆ ಊರುಗೋಲಿನ ವೇಗಕ್ಕೆ ಹಿಂದೆಯೇ ಬರುವ, ಎರಡು ಲೋಟ ಹಿಡಿಸುವ ತಟ್ಟೆಯುಳ್ಳ ಒಂದು ಪುಟ್ಟ ಗಾಡಿಯನ್ನು ಮಾಡಿದರು. ಅದಕ್ಕೆ ಕ್ಯಾಮೆರಾ ಇಲ್ಲ, ನಗುವ ಮುಖವೂ ಇಲ್ಲ. ಕೋಲಿನ ಹಿಡಿಯಲ್ಲಿರುವ ಒಂದು ಗುಂಡಿ ಒತ್ತಿದರೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಬ್ಯಾಟರಿ ಮುಗಿದರೆ ಕೋಲಿನಿಂದಲೇ ಮುಂದಕ್ಕೆ ತಳ್ಳಬಹುದು. ಅಡುಗೆಮನೆಯ ಹೊಸ್ತಿಲಿಗೆ ಎರಡೂ ಬದಿಯಿಂದ ಹಲಗೆಯ ಇಳಿಜಾರು ಕೊಡಬೇಕಾಯಿತು. ಅದನ್ನು ಮಾಡಿಕೊಟ್ಟವರು ಊರಿನ ಬಡಗಿ. ಪ್ರಾಜೆಕ್ಟ್ ಪರೀಕ್ಷೆಯಲ್ಲಿ ಅದಕ್ಕೆ ಹೆಚ್ಚು ಅಂಕವೇನೂ ಬರಲಿಲ್ಲವಂತೆ. ಹೊಸತನ ಸಾಲದು ಎಂದರಂತೆ.

ಕಳೆದ ತಿಂಗಳು ನಾವು ಮತ್ತೆ ಆ ಮನೆಗೆ ಹೋಗಿದ್ದೆವು. ಎದ್ದು ಒಳಗೆ ಹೋಗಲು ಹೊರಟರೆ ಅವರು "ಕೂತ್ಕೊಳ್ಳಿ" ಎಂದು ತಡೆದರು. ಸ್ವಲ್ಪ ಹೊತ್ತಿನ ಬಳಿಕ ಊರುಗೋಲಿನ ಸದ್ದು, ಅದರ ಹಿಂದೆ ಚಕ್ರದ ಸದ್ದು ಕೇಳಿಸಿತು. ಇಳಿಜಾರಿನಲ್ಲಿ ಕುಲುಕಿ ಅರ್ಧ ಕಾಫಿ ತಟ್ಟೆಗೆ ಚೆಲ್ಲಿತ್ತು. ಅವರು ಕುರ್ಚಿಯಲ್ಲಿ ಕೂತು, ಕೋಲುಗಳನ್ನು ಬದಿಗಿಟ್ಟು, ಉಳಿದ ಕಾಫಿಯ ಲೋಟವನ್ನು ತಾವೇ ಎತ್ತಿ ನಮ್ಮ ಕೈಗೆ ಕೊಟ್ಟರು.